ಅಚ್ಚಿನೊಳಗಿನ ಮಣ್ಣು

ಪ್ಲಾಸ್ಟಿಕ್ ಹಾಳೆ ಎತ್ತಿದ ಶಿಲ್ಪಿ ಮೇಷ್ಟ್ರು ಹಾಗೇ ನಿಂತುಬಿಟ್ಟರು. ಸಾಲಿನಲ್ಲಿದ್ದ ಏಳು ಮಣ್ಣಿನ ತಲೆಗಳಲ್ಲಿ ಆರು ನೆಟ್ಟಗಿದ್ದವು. ಐದನೆಯದರ ಎಡಗೆನ್ನೆ ಕಳಚಿ ಕತ್ತಿನವರೆಗೆ ಇಳಿದಿತ್ತು. ಮೂಗು ಜಾರಿ ತುಟಿಯ ಮೇಲೆ ಕೂತಿತ್ತು. ಹಲಗೆಯಿಂದ ಕೆಸರುನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

"ಇದೇನಕ್ಕಾ ಇದು? ಬಟ್ಟೆ ಒದ್ದೆ ಮಾಡಿ, ಚೆನ್ನಾಗಿ ಹಿಂಡಿ ಹೊದಿಸಿ ಅಂತ ತಾನೇ ನಾನು ಹೇಳಿದ್ದು?"

ಇಸ್ತ್ರಿ ಅಕ್ಕ ಬಾಗಿಲು ದಾಟಿ ಒಳಗೆ ಬಂದಿರಲಿಲ್ಲ. ಹೇಳಬೇಕಾದ ಸುಳ್ಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೇ ಬಂದಿದ್ದಳು. "ನಿನ್ನೆ ಸೆಕೆ ಜಾಸ್ತಿ ಇತ್ತು ಮೇಷ್ಟ್ರೇ. ಒಣಗಿ ಬಿರುಕು ಬಿಟ್ಟೀತು ಅಂತ ಒಂದು ಕೈ ಹೆಚ್ಚಿಗೆ ಚಿಮುಕಿಸಿದೆ."

"ಚಿಮುಕಿಸಿದ್ದಲ್ಲ ತಾಯಿ, ಸ್ನಾನವನ್ನೇ ಮಾಡಿಸಿದೀಯ," ಎಂದ ಅಚ್ಚಿನವನು, ಹೆಗಲಿನಿಂದ ಪ್ಲಾಸ್ಟರ್ ಚೀಲ ಇಳಿಸುತ್ತ. "ಸೆಕೆ ಇವಳೊಬ್ಬಳಿಗೇ ಆಯ್ತಾ? ಪಕ್ಕದವಳನ್ನ ನೋಡು, ಬೆವರೂ ಬಂದಿಲ್ಲ." ಅಂದ ಮೇಲೆ, ಆ ಐದನೆಯವಳು ಯಾರ ಮಗಳು ಎನ್ನುವುದು ನೆನಪಾಗಿ ನಾಲಿಗೆ ಕಚ್ಚಿಕೊಂಡ.

ನರ್ಸಿಂಗ್ ಕಲಿಯುತ್ತಿದ್ದ ಏಳು ಹುಡುಗಿಯರು, ಹಾಸ್ಟೆಲ್ ಕಟ್ಟಡ ಕುಸಿದು ಸತ್ತಿದ್ದರು. ವರ್ಷ ತುಂಬುವ ದಿನ ಆಸ್ಪತ್ರೆಯ ಎದುರು ಏಳು ಪೀಠಗಳ ಮೇಲೆ ಅವರು ಕಂಚಾಗಿ ನಿಲ್ಲಬೇಕಿತ್ತು. ಉಳಿದ ಹೆತ್ತವರು ಫೋಟೋ ಕೊಟ್ಟು ಕಣ್ಣೊರೆಸಿಕೊಂಡು ಹೋದರು. ಇಸ್ತ್ರಿ ಅಕ್ಕ ಹೋಗಲಿಲ್ಲ. "ಬಟ್ಟೆಗೆ ನೀರು ಚಿಮುಕಿಸೋದೇ ನನ್ನ ಕಸುಬು, ಆ ಕೆಲಸ ನನಗೇ ಕೊಡಿ" ಎಂದು ಹಟ ಹಿಡಿದಳು. ಎರಡು ತಿಂಗಳಿಂದ ಬೆಳಿಗ್ಗೆ ಸಂಜೆ ಬಂದು ಏಳು ಜನಕ್ಕೂ ಒದ್ದೆ ಬಟ್ಟೆ ಬದಲಿಸುತ್ತಿದ್ದಳು. ಮಗಳ ಸರದಿ ಬಂದಾಗ ಮಾತ್ರ ಬಾಯಿ ಸುಮ್ಮನಿರುತ್ತಿರಲಿಲ್ಲ. "ನೆಟ್ಟಗೆ ಕೂತ್ಕೊಳ್ಳೇ. ಇಪ್ಪತ್ತು ವರ್ಷದಲ್ಲಿ ಈಗಲೇ ನೋಡು ನೀನು ಎದುರು ಮಾತಾಡದೆ ಮುಖ ಒರೆಸಿಕೊಳ್ತಿರೋದು!"

ಮೇಷ್ಟ್ರು ದನಿ ತಗ್ಗಿಸಿದರು. "ನಿಜ ಹೇಳಿ ಅಕ್ಕಾ. ಬೇಕಂತಲೇ ಹುಯ್ದಿದ್ದು, ಅಲ್ವಾ?"

ಅವಳು ತನ್ನ ಬೆರಳುಗಳನ್ನೇ ನೋಡುತ್ತ ನಿಂತಳು. ಕಾದ ಇಸ್ತ್ರಿಪೆಟ್ಟಿಗೆ ತಾಗಿ ತಾಗಿ ಜಡ್ಡುಗಟ್ಟಿದ್ದ ಬೆರಳುಗಳು.

"ಅಚ್ಚು ಹಾಕಿದ ಮೇಲೆ ಈ ಮಣ್ಣು ಏನಾಗತ್ತೆ ಅಂತ ನಿನ್ನೆ ಕೇಳ್ದೆ. ಪ್ಲಾಸ್ಟರ್ ಗಟ್ಟಿಯಾದ ಮೇಲೆ ಒಳಗಿರೋದನ್ನ ಕರಣೆ ಹಾಕಿ ಅಗೆದು ತೆಗೀತೀವಿ, ಚೂರುಚೂರಾಗೇ ಬರೋದು ಅಂದ್ರಿ."

"ಮುಖ ಅಚ್ಚಿನಲ್ಲಿ ಉಳಿಯತ್ತೆ ಅಂತಲೂ ಅಂದೆನಲ್ಲಕ್ಕಾ."

"ಅದು ನನ್ನ ಕಿವಿಗೆ ಬೀಳಲಿಲ್ಲ. ಅಗೆಯೋದು ಅನ್ನೋದೊಂದೇ ಬಿತ್ತು. ಅವಳನ್ನ ಅಗೆದಿದ್ದು ಒಂದು ಸಲ ನೋಡಿದೀನಿ, ಸಾಕು. ಕರಗಿಹೋದ್ರೆ ಅಗೆಯೋ ಹಾಗೇ ಇಲ್ವಲ್ಲ ಅಂತ..."

ಅಚ್ಚಿನವನು ಚೀಲದ ಹೊಲಿಗೆ ಬಿಚ್ಚುವುದನ್ನು ನಿಲ್ಲಿಸಿದ್ದ. ಮೇಷ್ಟ್ರು ಕೆಳಗೆ ಬಿದ್ದಿದ್ದ ಒದ್ದೆ ಬಟ್ಟೆ ಎತ್ತಿ ಹಿಂಡಿದರು. ಹಿಂಡಿದಷ್ಟೂ ನೀರು ಬಂತು. "ತಾರೀಖು ನನ್ನ ಕೈಲಿಲ್ಲ ಅಕ್ಕಾ. ಇವತ್ತು ಅಚ್ಚಾಗದಿದ್ರೆ ಆರು ಜನ ನಿಲ್ತಾರೆ, ಅವಳ ಪೀಠ ಖಾಲಿ ಇರತ್ತೆ. ಏನು ಮಾಡಲಿ, ನೀವೇ ಹೇಳಿ."

"ಖಾಲಿ ಇದ್ರೆ..." ಅವಳ ಮುಖ ಒಂದು ಗಳಿಗೆ ಅರಳಿತು. "ಗೊತ್ತಿಲ್ಲದವರು ನೋಡಿ, ಇವಳೊಬ್ಬಳು ಉಳಿದುಕೊಂಡಳು ಅಂದ್ಕೋಬಹುದು, ಅಲ್ವಾ?"

ಮರುಗಳಿಗೆಯೇ ತಲೆ ಕೊಡವಿದಳು. "ಹುಚ್ಚಿ ನಾನು. ಮಾಡಿ ಮೇಷ್ಟ್ರೇ. ಗೆಳತಿಯರ ಸಾಲಿನಿಂದ ಅವಳನ್ನ ನಾನೇ ಎಬ್ಬಿಸಿದ ಹಾಗೆ ಆಗೋದು ಬೇಡ. ಆದ್ರೆ ಮಣ್ಣು ತೆಗೆಯೋದು ನಾನು. ಅವತ್ತು ಕುಸಿದ ಕಟ್ಟಡದ ಸುತ್ತ ಹಗ್ಗ ಕಟ್ಟಿ ಹತ್ತಿರಕ್ಕೇ ಬಿಡಲಿಲ್ಲ."

ಮೇಷ್ಟ್ರು ಫೋಟೋ ಎದುರಿಗಿಟ್ಟುಕೊಂಡು ಗಟ್ಟಿ ಮಣ್ಣು ಮೆತ್ತಿ, ಕೆನ್ನೆ ಎತ್ತಿ, ಮೂಗು ನಿಲ್ಲಿಸಿದರು. ಸರಿಯಾಗಿದೆಯಾ ಎಂದು ಕೇಳಿದಾಗ ಅವಳು ಸುಮ್ಮನೆ ತಲೆಯಾಡಿಸಿದಳು. ಅಚ್ಚಿನವನು ಒಂದೂ ಚಟಾಕಿ ಹಾರಿಸದೆ ಪ್ಲಾಸ್ಟರ್ ಕಲಸಿ ಬಳಿದ. ಮೊದಲು ಕಣ್ಣು ಮುಚ್ಚಿತು, ಆಮೇಲೆ ಬಾಯಿ. ಕಡೆಗೆ ಒಂದು ಬಿಳಿ ಮುದ್ದೆ ಮಾತ್ರ ಉಳಿಯಿತು.

ಮಧ್ಯಾಹ್ನ ಅದು ಗಟ್ಟಿಯಾದ ಮೇಲೆ ಹಿಂದಲೆಯ ಕಡೆಯ ತುಂಡು ಬಿಚ್ಚಿ ಅವಳ ಮುಂದಿಟ್ಟರು. ಕೊಟ್ಟ ಕರಣೆಯನ್ನು ಅವಳು ಪಕ್ಕಕ್ಕೆ ಸರಿಸಿ ಬರಿಗೈ ಹಾಕಿದಳು. ಹಿಡಿ ಹಿಡಿಯಾಗಿ ತೆಗೆದ ಮಣ್ಣನ್ನು ತೊಟ್ಟಿಗೆ ಹಾಕದೆ ಮಡಿಲಿಗೇ ಹಾಕಿಕೊಂಡಳು. ಮೊಣಕೈವರೆಗೆ ತೋಳು ಒಳಗೆ ಹೋಯಿತು. ಹಣೆಯಿದ್ದಲ್ಲಿ ತಗ್ಗು, ಮೂಗಿದ್ದಲ್ಲಿ ಗುಳಿ.

"ಸಾಕು ಅಕ್ಕಾ," ಮೇಷ್ಟ್ರು ಬಗ್ಗಿ ಅವಳ ಮಣಿಕಟ್ಟು ಹಿಡಿದರು. "ಎಲ್ಲಾ ಬಂತು. ಒಳಗೆ ಇನ್ನೇನೂ ಇಲ್ಲ."

ಅವಳು ಕೈ ಬಿಡಿಸಿಕೊಂಡಳು. ಉಗುರು ಬಿಳಿ ಗೋಡೆಯನ್ನು ಕೆರೆಯುತ್ತಲೇ ಇತ್ತು.

"ಅವತ್ತೂ ಎರಡನೇ ದಿನ ಹೀಗೇ ಹೇಳಿ ಅಗೆಯೋ ಯಂತ್ರ ನಿಲ್ಲಿಸಿದ್ರು ಮೇಷ್ಟ್ರೇ. ನನ್ನ ಮಗಳು ಸಿಕ್ಕಿದ್ದು ನಾಲ್ಕನೇ ದಿನ. ಮೈ ಇನ್ನೂ ಬೆಚ್ಚಗಿತ್ತು."