ಎಲೆಯಲ್ಲಿ ಕಂಡ ಮುಖ

ಹೊರಗಿನ ಚಿಲಕ ಸರಿದ ಸಣ್ಣ ಸದ್ದಿಗೆ ಧನ್ಯಶ್ರೀಗೆ ಎಚ್ಚರವಾಯಿತು. ನಡುರಾತ್ರಿ. ಅತ್ತೆ ವೆಂಕಮ್ಮ ಕೆಲವು ದಿನಗಳಿಂದ ಸೊಸೆಯ ಕೋಣೆಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದರು. "ಮಾಟದ ಗಾಳಿ ತಿರುಗ್ತಿರೋ ಹೊತ್ತು. ಗಂಡಾನೂ ಊರಲ್ಲಿಲ್ಲ. ನೀ ಒಳಗಿರೋದೇ ಒಳ್ಳೇದು ಕಣೇ" ಎಂದಿದ್ದರು. ಗಂಡ ಶ್ರೀನಾಥ್ ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದ.

ಗೋಡೆಯಾಚೆ ಕೂಸು ನರಳುತ್ತಿತ್ತು. ಬಾಣಂತನಕ್ಕೆ ಬಂದ ನಾದಿನಿ ಸೌಜನ್ಯಾಳ ಮಗು. ಹಾಲು ಕುಡಿಯುವಾಗಲೇ ನೀಲಿಗಟ್ಟುತ್ತಿತ್ತು. ಹುಟ್ಟಿನಿಂದಲೇ ಹೃದಯದಲ್ಲಿ ತೂತಿದೆ, ಆಪರೇಷನ್ ಆಗಬೇಕು ಎಂದಿದ್ದರು ತೀರ್ಥಹಳ್ಳಿಯ ಡಾಕ್ಟರು. ಮನೆಯವರಿಗೆ ಅದನ್ನು ಬಿಡಿಸಿ ಹೇಳಿದ್ದು ಧನ್ಯಶ್ರೀ. ವೆಂಕಮ್ಮ ಕೇಳಿಸಿಕೊಂಡರು. ಮರುದಿನ ಒಬ್ಬರೇ ಬಸ್ಸು ಹತ್ತಿ, ಅಂಜನ ಹಾಕುವವನ ಹತ್ತಿರ ಹೋದರು. ಕಪ್ಪು ಸವರಿದ ವೀಳ್ಯದೆಲೆಯಲ್ಲಿ ಮಾಟ ಮಾಡಿದವರ ಮುಖ ಮೂಡುತ್ತದಂತೆ. ಕೇಳಲು ಬಂದವರ ಕಣ್ಣಿಗಷ್ಟೇ ಕಾಣುತ್ತದಂತೆ.

ವಾಪಸು ಬಂದವರು ಅಂಗಳದಲ್ಲೇ ನಿಂತು ಹೇಳಿದರು: "ಗುತ್ಯಮ್ಮ."

ಗುತ್ಯಮ್ಮ ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದ ಮುದುಕಿ. ಹುಂಚದ ಸುತ್ತಿನ ಹಳ್ಳಿಗಳ ಅರ್ಧ ಮಕ್ಕಳು ಅವಳ ಕಾಲ ಮೇಲೆ ಮಲಗಿ ಮಿಂದವರು.

ಅಂದಿನಿಂದ ವೆಂಕಮ್ಮ ಸೊಸೆಯನ್ನು ಬಲು ಜೋಪಾನ ಮಾಡಿದರು. ಹಾಲಿನ ಪಾತ್ರೆ ಮುಟ್ಟಹೋದರೆ, "ಬಿಡು, ದಣಿದಿದೀಯ." ಊಟ ಕೋಣೆಗೇ ಬರುತ್ತಿತ್ತು. ಕೂಸನ್ನು ಮಾತ್ರ ಅವಳ ಕೈಗೆ ಕೊಡುತ್ತಿರಲಿಲ್ಲ. ಮಡಿಲು ತುಂಬದ ತನಗೆ ನೋವಾಗದಿರಲೆಂದು ಇರಬೇಕು ಎಂದುಕೊಂಡಿದ್ದಳು ಧನ್ಯಶ್ರೀ.

ಬೆಳಗಾಯಿತು. ಊರವರು ಗುತ್ಯಮ್ಮನನ್ನು ಚೌಡಿಕಟ್ಟೆಗೆ ಎಳೆತಂದರು. ಕೋಣೆಯ ಚಿಲಕ ತೆಗೆದದ್ದೇ ಧನ್ಯಶ್ರೀಯೂ ಅಲ್ಲಿಗೆ ಓಡಿದಳು. ತಲೆಯ ಮೇಲೆ ಕೊಡ ನೀರು ಸುರಿದು, ಅಂಗೈಯಲ್ಲಿ ಕರ್ಪೂರ ಹಚ್ಚಿ, ಪ್ರಮಾಣ ಮಾಡು ಎಂದರು. ಉರಿ ತಾಗಿ ಅವಳು ಕೈ ಕೊಡವಿದಳು.

"ಕಂಡ್ರಾ! ಚೌಡಮ್ಮ ತೋರ್ಸೇಬಿಟ್ಲು" ಎಂದ ಊರ ಹಿರಿಯ ಗೋಪಾಲಪ್ಪ.

"ಸುಟ್ರೆ ಯಾರಾದ್ರೂ ಕೊಡವ್ತಾರೆ ಕಣೋ ಗೋಪಾಲ. ನಿನ್ ತಮ್ಮಂಗೆ ನೀರು ಹಾಕಿದ್ದೂ ಇದೇ ಕೈ. ನೀನು ಬಚ್ಚಲ ಬಾಗಿಲಲ್ಲಿ ನಿಂತು ಅಳ್ತಿದ್ದೆ."

ಯಾರೋ ನಕ್ಕರು. ಯಾರೋ ಕಲ್ಲು ಹೆಕ್ಕಿದರು.

ಧನ್ಯಶ್ರೀ ಬಾಯಿ ತೆರೆದಳು. ವೆಂಕಮ್ಮ ಅವಳ ಮಣಿಕಟ್ಟು ಹಿಡಿದರು. "ನೀನೊಬ್ಳು ಮಾತಾಡ್ಬೇಡ. ನಿನ್ ಕಾಲಿಗೆ ಬೀಳ್ತೀನಿ." ಅತ್ತೆಯ ಕಣ್ಣಲ್ಲಿ ಅಂಥ ಭಯವನ್ನು ಅವಳು ಕಂಡಿರಲಿಲ್ಲ. ಅಷ್ಟರಲ್ಲಿ ಮೊದಲ ಕಲ್ಲು ಬಿದ್ದಾಗಿತ್ತು.

ಮಧ್ಯಾಹ್ನ ಗುತ್ಯಮ್ಮನ ಮಗ ಬೆಳ್ಳಪ್ಪ ತಾಯಿಯನ್ನು ಆಟೋದಲ್ಲಿ ಮಲಗಿಸಿಕೊಂಡು ಊರು ಬಿಟ್ಟ. ಮುದುಕಿಗೆ ಪ್ರಜ್ಞೆ ಇರಲಿಲ್ಲ.

ಧನ್ಯಶ್ರೀ ಅಡುಗೆಮನೆಯಲ್ಲಿ ಮೊಬೈಲ್ ಕೈಗೆತ್ತಿಕೊಂಡಳು. "ಪೊಲೀಸ್ರಿಗೆ ಹೇಳ್ತೀನಿ ಅತ್ತೆ. ಆ ಎಲೇಲಿ ಗುತ್ಯಮ್ಮನ ಮುಖ ಇರೋಕೆ ಸಾಧ್ಯಾನೇ ಇಲ್ಲ."

"ಇರ್ಲಿಲ್ಲ" ಎಂದರು ವೆಂಕಮ್ಮ.

ಅವರು ಹೊಸಿಲು ದಾಟಿ ಒಳಗೆ ಬರಲಿಲ್ಲ. ಅಲ್ಲೇ ನಿಂತು ಕೈ ಮುಗಿದರು.

"ಕಂಡಿದ್ದು ನಿನ್ ಮುಖ. ಮನೆ ಸೊಸೇನ ಬೀದಿಗೆ ಹೇಗೆ ಕೊಡ್ಲಿ? ಅವಳ ಹೆಸ್ರು ಹೇಳಿ ನಿನ್ನ ಉಳಿಸ್ಕೊಂಡೆ. ಇನ್ನಾದ್ರೂ ಆ ಕೂಸನ್ನ ಬಿಟ್ಬಿಡು, ತಾಯಿ."

ಎಲೆಯಲ್ಲಿ ಕಂಡ ಮುಖ ಯಾರದೆಂದು ಹೊರಬಿದ್ದರೆ ಮುಂದಿನ ಕಲ್ಲು ತನಗೇ. ಪೊಲೀಸರಿಗಿರಲಿ, ಶ್ರೀನಾಥನಿಗೂ ಏನೂ ಹೇಳಬಾರದೆಂದು ಧನ್ಯಶ್ರೀ ಆ ಕ್ಷಣವೇ ನಿಶ್ಚಯಿಸಿದಳು.