ಮೊದಲಿಂದ ಹೇಳ್ರಿ, ಸರ್

ಬೇಳೆ ಸೀದ ವಾಸನೆ ಬಂದರೂ ಹಸೀನಾ ಮೊಬೈಲಿನ ಮುಂದಿನಿಂದ ಏಳಲಿಲ್ಲ. ಆನ್‌ಲೈನ್ ಕಾಲೇಜಿನ ಪಾಠ ನಡೆದಿತ್ತು. ಸರ್ ಮಾತಾಡುವಾಗ ಎದ್ದು ಹೋಗುವುದು ಹೇಗೆ? ಅವರ ವೇಗಕ್ಕೆ ಅರ್ಧ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಈ ಪರೀಕ್ಷೆಯೂ ಕೈಕೊಟ್ಟರೆ ಓದು ಬಿಡುತ್ತೇನೆಂದು ಮಲಾಡಿನ ಮನೆಯಲ್ಲಿ ಎಲ್ಲರಿಗೂ ಹೇಳಿಯಾಗಿತ್ತು.

ಮಗಳು ಶಬ್ರೀನ ಓಡಿಬಂದು ಗ್ಯಾಸ್ ಆರಿಸಿದಳು. “ಅಮ್ಮಿ, ದಾಲ್ ಜಲ್ ಗಯೀ. ಏಳೋಕೆ ಏನಾಗಿತ್ತು?”

“ಸರ್ ನೋಡಾಕತ್ತಾರಲ್ಲ.”

ಶಬ್ರೀನಳಿಗೆ ನಗು ತಡೆಯಲಿಲ್ಲ. “ಇದು ರೆಕಾರ್ಡಿಂಗ್, ಅಮ್ಮಿ. ಸರ್‌ಗೆ ನೀನು ಕಾಣಲ್ಲ. ಇಲ್ಲಿ ಒತ್ತಿದ್ರೆ ನಿಲ್ತಾರೆ, ಇಲ್ಲಿ ಒತ್ತಿದ್ರೆ ಫಿರ್ ಸೆ ಹೇಳ್ತಾರೆ.”

“ಎಷ್ಟ ಸಲ ಬೇಕಾದ್ರೂ?”

“ಎಷ್ಟು ಸಲ ಬೇಕಾದ್ರೂ.”

ಹಸೀನಾ ಒತ್ತಿದಳು. ಸರ್ ಬಾಯಿ ತೆರೆದಂತೆಯೇ ನಿಂತರು. ಅವಳು ಬೇರೆ ಬೇಳೆ ತೊಳೆದು ಒಲೆಗಿಟ್ಟು, ಕೈ ಒರೆಸಿಕೊಂಡು ಬಂದು ಕೂತಳು; ಸೆರಗನ್ನು ಮತ್ತೆ ತಲೆಗೆಳೆದುಕೊಂಡಳು.

“ಈಗ ಮೊದಲಿಂದ ಹೇಳ್ರಿ, ಸರ್.”