ನಾಲ್ಕನೇ ನಂಬರಿನ ಕುದುರೆ

ಯುಗಾದಿಗೆ ಇನ್ನೊಂದು ವಾರವಿತ್ತು. ಶನಿವಾರ ಬೆಳಿಗ್ಗೆ ಏಳು ಗಂಟೆ. ರೇಸ್ ಕೋರ್ಸ್ ಎದುರಿನ ಟೀ ಅಂಗಡಿಯಲ್ಲಿ ನಾನೂ ಚೌರಪ್ಪನೂ ಅಂದು ಗೆಲ್ಲುವ ಕುದುರೆ ಯಾವುದೆಂದು ವಾದ ಮಾಡುತ್ತಿದ್ದೆವು. ಲಾಯದಲ್ಲಿ ಕುದುರೆ ನೋಡಿಕೊಳ್ಳುವ ನಮ್ಮ ಗೆಳೆಯ ದಸ್ತಗೀರ್ ಬಂದು ಪಕ್ಕದಲ್ಲಿ ಕೂತ.

"ನನ್ನ ನಾಲ್ಕನೇ ನಂಬರ್ ಮೇಲೆ ಕಟ್ಟಬೇಡಿ ಅಣ್ಣ. ಎರಡು ದಿನದಿಂದ ಮೇವು ಮುಟ್ಟಿಲ್ಲ. ಇವತ್ತು ಗೆಲ್ಲಲ್ಲ."

ಅವನು ಎದ್ದು ಹೋದ ಮೇಲೆ ಚೌರಪ್ಪ ಕಣ್ಣು ಕಿರಿದು ಮಾಡಿದ. "ತಾನು ಸಾಕೋ ಕುದುರೆ ಸೋಲುತ್ತೆ ಅಂತ ಯಾವನಾದ್ರೂ ಹೇಳ್ತಾನಾ? ನಮ್ಮನ್ನ ದೂರ ಇಟ್ಟು ಇವನೊಬ್ನೇ ಹೊಡ್ಕೊಳ್ಳೋ ಪ್ಲಾನು ಕಣಯ್ಯ!"

ನನಗೂ ಹಾಗೇ ಅನ್ನಿಸಿತು. ನಾವೂ ಅದರ ಮೇಲೇ ಕಟ್ಟಿ, ಇನ್ನಿಬ್ಬರ ಕಿವಿಗೆ ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಗ್ಯಾಲರಿಯೆಲ್ಲ ನಾಲ್ಕನೇ ನಂಬರನ್ನೇ ಕೂಗುತ್ತಿತ್ತು.

ಅದು ಎಲ್ಲಕ್ಕಿಂತ ಕೊನೆಗೆ ಬಂತು.

ಜನ ಗಲಾಟೆ ಎಬ್ಬಿಸಿದರು. ದಸ್ತಗೀರ್ ಕುದುರೆಗೆ ಏನೋ ತಿನ್ನಿಸಿದ್ದಾನೆಂದು ರೇಸ್ ಕ್ಲಬ್ಬಿನವರು ಸೋಮವಾರ ವಿಚಾರಣೆ ಇಟ್ಟರು. ಚೌರಪ್ಪ ಆ ಕಡೆ ತಲೆ ಹಾಕಲಿಲ್ಲ. ನನಗೆ ಮನಸ್ಸು ತಡೆಯಲಿಲ್ಲ; ಹೋಗಿ ಅಧಿಕಾರಿಯ ಮುಂದೆ ಕೈಮುಗಿದೆ.

"ಅವನು ಮೋಸಗಾರ ಅಲ್ಲ ಸ್ವಾಮಿ. ಇದು ಗೆಲ್ಲಲ್ಲ ಅಂತ ಬೆಳಿಗ್ಗೇನೇ ನಮಗೆ ಹೇಳಿದ್ದ."

"ಬೆಳಿಗ್ಗೇನೇ ಗೊತ್ತಿತ್ತಾ ಅವನಿಗೆ?"

"ಗೊತ್ತಿತ್ತು ಸ್ವಾಮಿ. ದೇವರಾಣೆ."

ಅಧಿಕಾರಿ ಅಷ್ಟನ್ನೇ ಬರೆದುಕೊಂಡು, ಕೆಳಗೆ ನನ್ನ ಸಹಿ ಹಾಕಿಸಿಕೊಂಡರು.

ಮಂಗಳವಾರ ಬೆಳಿಗ್ಗೆ ದಸ್ತಗೀರ್ ಟ್ರಂಕ್ ಹೊತ್ತುಕೊಂಡು ಲಾಯ ಬಿಟ್ಟು ಹೋದ.